ಕಪ್ಪು ಕಾರಿಗೆ ಕಂಕರದ ಕಾಟ: ಬಣ್ಣ ಉಳಿಸಿಕೊಳ್ಳುವುದು ಹೇಗೆ?

ಜಹೀರಾಬಾದ್: ಬೀದರಿನಿಂದ ಜಹೀರಾಬಾದಿಗೆ, ಬೀದರಿನಿಂದಲೇ ನಾರಾಯಣಖೇಡಕ್ಕೆ, ಚಿಂಚೋಳಿಯಿಂದ ತಾಂಡೂರಿಗೆ ದಿನನಿತ್ಯ ಓಡಾಡುವ ಕಾರುಗಳನ್ನು ಒಮ್ಮೆ ಎದುರಿನಿಂದ ನಿಂತು ನೋಡಿ. ಬಾನೆಟ್ಟಿನ ಅಂಚಿನಲ್ಲಿ, ಬಂಪರಿನ ಮೇಲೆ, ಕನ್ನಡಿಯ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು ಕಾಣುತ್ತವೆ. ಬಿಳಿ ಕಾರಾದರೆ ಹತ್ತಿರ ಹೋಗಿ ಹುಡುಕಬೇಕು. ಕಪ್ಪು, ಕಡುನೀಲಿ, ಮರೂನ್ ಅಥವಾ ಗಾಢ ಬೂದು ಬಣ್ಣದ ಕಾರಾದರೆ ಹತ್ತು ಹೆಜ್ಜೆ ದೂರದಿಂದಲೇ ಎದ್ದು ಕಾಣುತ್ತವೆ. ರಸ್ತೆಯ ಕಂಕರ ಸಿಡಿದು ಬಣ್ಣ ಹಾರಿಹೋದ ಗುರುತುಗಳಿವು.

ಗ್ಯಾರೇಜಿನಲ್ಲಿ ತೆಲುಗಿನಲ್ಲಿ 'ರಾಯಿ ದೆಬ್ಬ' ಎನ್ನಿ, ಉರ್ದುವಿನಲ್ಲಿ 'ಪತ್ಥರ್ ಲಗಾ' ಎನ್ನಿ, ಕನ್ನಡದಲ್ಲಿ 'ಕಲ್ಲೇಟು' ಎನ್ನಿ, ಗಾಯ ಒಂದೇ. ನಮ್ಮ ಗಡಿ ಹಳ್ಳಿಗಳಲ್ಲಿ ಕಾರು ಶೋಕಿಯ ವಸ್ತು ಮಾತ್ರವಲ್ಲ. ರಾತ್ರಿ ಹೊತ್ತು ಬೀದರಿನ ಆಸ್ಪತ್ರೆಗೆ ಓಡುವುದೂ ಅದರಲ್ಲೇ, ಮದುವೆಗೆ ನೆಂಟರನ್ನು ಕರೆತರುವುದೂ ಅದರಲ್ಲೇ, ಅಮಾವಾಸ್ಯೆಗೆ ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಹೋಗುವುದೂ ಅದರಲ್ಲೇ. ಸಾಲ ಮಾಡಿ ಕೊಂಡ ಗಾಡಿ ನಾಲ್ಕು ವರ್ಷದ ನಂತರ ಮಾರಲು ಹೋದಾಗ ಮುಂಭಾಗದ ಬಣ್ಣ ನೋಡಿಯೇ ದಲ್ಲಾಳಿ ದರ ಇಳಿಸುತ್ತಾನೆ. ಇದಕ್ಕೆ ಹೆದರಿ ಹೊಸ ಕಾರಿನ ಮೇಲೆ ಸಾವಿರಾರು ರೂಪಾಯಿ ಸುರಿದು 'ಕೋಟಿಂಗ್' ಮಾಡಿಸುವವರೂ ಇದ್ದಾರೆ. ಆದರೆ ಯಾವ ಕೋಟಿಂಗ್ ಕಲ್ಲನ್ನು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬುದು ತಿಳಿಯದೆ ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಕಲ್ಲೇಟಿನ ವಿಷಯದಲ್ಲಿ ಮೊದಲ ರಕ್ಷಣೆ ಪುಕ್ಕಟೆ, ಎರಡನೆಯದಕ್ಕೆ ಕೆಲವು ನೂರು ರೂಪಾಯಿ ಸಾಕು, ದೊಡ್ಡ ಖರ್ಚು ಬರುವುದು ಕಡೆಗೆ. ಅದನ್ನು ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಕಲ್ಲು ಎಲ್ಲಿಂದ ಬರುತ್ತದೆ?

ನಮ್ಮ ಮೂರು ಊರಿಗೆ ಮೂರು ಬಗೆಯ ಕಲ್ಲು. ಜಹೀರಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಹಿಂದೆ 9ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯಾಗಿದ್ದ ಇದು ಈಗ 65. ಹಗಲು ರಾತ್ರಿ ಲಾರಿ, ಕಂಟೇನರುಗಳ ಓಡಾಟ. ಜೊತೆಗೆ ಇದು ಕಬ್ಬಿನ ಸೀಮೆ. ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹೊಲದಿಂದ ರಸ್ತೆಗೆ ಹತ್ತುವಾಗ ಗಾಲಿಗೆ ಮೆತ್ತಿದ ಮಣ್ಣಿನ ಹೆಂಟೆಗಳನ್ನೂ, ಅದರೊಳಗಿನ ಹರಳುಗಳನ್ನೂ ಡಾಂಬರಿನ ಮೇಲೆ ಉದುರಿಸಿಕೊಂಡು ಹೋಗುತ್ತವೆ.

ತಾಂಡೂರು ಫರ್ಸಿ ಕಲ್ಲಿಗೆ ಹೆಸರಾದ ಊರು. ಕಲ್ಲಿನ ಗಣಿ, ಪಾಲಿಶ್ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ ಎಲ್ಲವೂ ಸುತ್ತಮುತ್ತ ಇವೆ. ಫರ್ಸಿ, ಸುಣ್ಣಕಲ್ಲು, ಕೆಂಪು ಮುರುಮು ಹೊತ್ತ ಭಾರೀ ಗಾಡಿಗಳು ರಸ್ತೆಯನ್ನೂ ಕೆಡಿಸುತ್ತವೆ, ಹೊತ್ತ ಮಾಲನ್ನೂ ಚೆಲ್ಲುತ್ತವೆ. ನಾರಾಯಣಖೇಡದ ಕಡೆ ಎರೆಭೂಮಿ ಹೆಚ್ಚು. ಒಳದಾರಿಗಳಲ್ಲಿ ಮುರುಮು ಹಾಕಿದ ರಸ್ತೆಗಳಿವೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಅಂಟಿಕೊಂಡು ಹರಳುಗಳನ್ನು ಎತ್ತಿಕೊಳ್ಳುತ್ತದೆ, ಡಾಂಬರು ರಸ್ತೆಗೆ ಬಂದು ವೇಗ ಹೆಚ್ಚಿದಾಗ ಅವನ್ನು ಎಸೆಯುತ್ತದೆ.

ಕಲ್ಲು ಸಿಡಿಯುವ ಬಗೆ ನಾಲ್ಕು. ಒಂದು, ಮುಂದಿನ ಗಾಡಿಯ ಟೈರಿನ ಗೆರೆಗಳಲ್ಲಿ ಸಿಕ್ಕಿಕೊಂಡ ಹರಳು ಗಾಲಿ ತಿರುಗುವ ರಭಸಕ್ಕೆ ಹಿಂದಕ್ಕೆ ಹಾರುತ್ತದೆ. ಲಾರಿಯ ಹಿಂದಿನ ಜೋಡಿ ಗಾಲಿಗಳ ನಡುವೆ ಇನ್ನೂ ದೊಡ್ಡ ಕಲ್ಲುಗಳೇ ಸಿಕ್ಕಿಕೊಳ್ಳುತ್ತವೆ. ಎರಡು, ಟಿಪ್ಪರಿನ ಮೇಲೆ ತಾಡಪಾಲು ಹೊದಿಸದಿದ್ದರೆ ಜಲ್ಲಿ ನೇರವಾಗಿ ಉದುರುತ್ತದೆ. ಮೂರು, ಎದುರಿನಿಂದ ಬರುವ ಗಾಡಿ ರಸ್ತೆಯ ಪಕ್ಕದ ಕಂಕರಕ್ಕೆ ಇಳಿದಾಗ ಆ ಕಂಕರ ನಮ್ಮ ಕಡೆ ಸಿಡಿಯುತ್ತದೆ. ನಾಲ್ಕನೆಯದನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮದೇ ಕಾರಿನ ಮುಂದಿನ ಗಾಲಿ ಎತ್ತಿದ ಹರಳು ನಮ್ಮದೇ ಬಾಗಿಲಿನ ಕೆಳಭಾಗಕ್ಕೂ ಹಿಂದಿನ ಗಾಲಿಯ ಕಮಾನಿಗೂ ಬಡಿಯುತ್ತದೆ.

ಬಣ್ಣ ಎಂಬುದು ಎಷ್ಟು ದಪ್ಪ?

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡನ್ನು ಮೊದಲು ರಾಸಾಯನಿಕದಲ್ಲಿ ತೊಳೆದು, ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ನೆರವಿನಿಂದ ತುಕ್ಕು ತಡೆಯುವ ಪದರ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ನಮಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳಪಿನ ಪಾರದರ್ಶಕ ಪದರ. ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಇಷ್ಟೆಲ್ಲ ಸೇರಿದರೂ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 1,000 ಮೈಕ್ರಾನ್ ಇರುತ್ತದೆ. ಅಂದರೆ ಇಡೀ ಬಣ್ಣದ ದಪ್ಪ ತಲೆಗೂದಲು ಒಂದೂವರೆ ಎಳೆಯಷ್ಟೇ. ಅದರಲ್ಲೂ ಕಪ್ಪೋ ನೀಲಿಯೋ ಆದ ಅಸಲು ಬಣ್ಣದ ಪದರ ಸುಮಾರು 15 ಮೈಕ್ರಾನ್ ಮಾತ್ರ.

ಈ ತೆಳು ಪದರದ ಮೇಲೆ ಚೂಪು ಮೂಲೆಯ ಹರಳು ಬಡಿದರೆ ಏಟೆಲ್ಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಕ್ಲಿಯರ್ ಕೋಟ್ ಸೀಳಿ, ಬಣ್ಣ ಹಾರಿ, ಒಳಗಿನ ಪ್ರೈಮರ್ ಹೊರಗೆ ಕಾಣುತ್ತದೆ. ಪ್ರೈಮರ್ ಸಾಮಾನ್ಯವಾಗಿ ತಿಳಿ ಬೂದು. ಬಿಳಿ ಕಾರಿನಲ್ಲಿ ತಿಳಿ ಬೂದು ಮರೆಯಾಗುತ್ತದೆ. ಕಪ್ಪು ಕಾರಿನಲ್ಲಿ ಅದೇ ಚುಕ್ಕೆ ಅಮಾವಾಸ್ಯೆಯ ಚುಕ್ಕಿಯಂತೆ ಹೊಳೆಯುತ್ತದೆ. ಕಪ್ಪು ಬಣ್ಣ ಬಿಳಿಗಿಂತ ಮೆದು ಎಂದು ಭಾವಿಸಬೇಕಿಲ್ಲ. ಏಟು ಎರಡಕ್ಕೂ ಒಂದೇ, ಕಾಣುವುದರಲ್ಲಿ ಮಾತ್ರ ವ್ಯತ್ಯಾಸ.

ಅಂದಕ್ಕಿಂತ ಮುಖ್ಯವಾದ ಮಾತು ತುಕ್ಕಿನದು. ಚುಕ್ಕೆಯನ್ನು ಬೆಳಕಿನಲ್ಲಿ ನೋಡಿ. ಮಾಸಿದ ಬೂದು ಅಥವಾ ಬಿಳಿ ಬಣ್ಣವಿದ್ದರೆ ಪ್ರೈಮರ್ ಇನ್ನೂ ಉಳಿದಿದೆ, ಕೆಲವು ದಿನ ತಡೆದರೂ ನಡೆಯುತ್ತದೆ. ಬೆಳ್ಳಿಯಂತೆ ಮಿನುಗಿದರೆ ತಗಡು ಬಯಲಾಗಿದೆ ಎಂದರ್ಥ. ಮಳೆ ಬೀಳುವ ಮೊದಲೇ ಮುಚ್ಚಬೇಕು. ಕಂದು ಬಣ್ಣವಿದ್ದರೆ ತುಕ್ಕು ಆಗಲೇ ಶುರುವಾಗಿದೆ. ತುಕ್ಕು ಬಣ್ಣದ ಕೆಳಗಿನಿಂದ ಹರಿದು ಅಕ್ಕಪಕ್ಕದ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಬಂಪರ್ ಮಾತ್ರ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ತುಕ್ಕಿನ ಭಯವಿಲ್ಲ. ಬಾನೆಟ್, ಮುಂದಿನ ಫೆಂಡರ್, ಗಾಜಿನ ಮೇಲಿನ ಮಾಡಿನ ಅಂಚು, ಬಾಗಿಲ ಕೆಳಗಿನ ಪಟ್ಟಿ, ಇವುಗಳ ಮೇಲೆ ಕಣ್ಣಿರಲಿ.

ವೇಗದ ಲೆಕ್ಕ

'ಕಲ್ಲು ಬಂದು ಕಾರಿಗೆ ಬಡಿಯಿತು' ಎಂದು ನಾವು ಹೇಳುತ್ತೇವೆ. ಬಹಳ ಸಲ ಆಗುವುದು ಉಲ್ಟಾ. ಮುಂದಿನ ಗಾಡಿ ಎಬ್ಬಿಸಿದ ಹರಳು ಗಾಳಿಯಲ್ಲಿ ಹಾರಿ ನಿಧಾನವಾಗುತ್ತಿರುತ್ತದೆ, ನಮ್ಮ ಕಾರೇ ವೇಗವಾಗಿ ಹೋಗಿ ಅದಕ್ಕೆ ಬಡಿಯುತ್ತದೆ. ಆದ್ದರಿಂದ ಏಟಿನ ಜೋರು ಹೆಚ್ಚಾಗಿ ನಮ್ಮ ಕಾಲ ಕೆಳಗಿನ ಎಕ್ಸಿಲರೇಟರಿನಲ್ಲೇ ಇದೆ.

ಶಾಲೆಯಲ್ಲಿ ಕಲಿತ ಪಾಠ ನೆನಪಿಸಿಕೊಳ್ಳಿ. ವೇಗ ಇಮ್ಮಡಿಯಾದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ಬದಲು 90ರಲ್ಲಿ ಹೋದರೆ ಶಕ್ತಿ ಎರಡೂಕಾಲು ಪಟ್ಟು. 60ರ ಬದಲು 80 ಎಂದರೂ ಮುಕ್ಕಾಲು ಪಾಲು ಹೆಚ್ಚಳ. ಬೀದರ್–ಜಹೀರಾಬಾದ್ ನಡುವಿನ ಸುಮಾರು 30 ಕಿ.ಮೀ. ದಾರಿಯನ್ನು 60ರಲ್ಲಿ ಹೋದರೆ ಅರ್ಧ ಗಂಟೆ, 80ರಲ್ಲಿ ಹೋದರೆ ಇಪ್ಪತ್ತೆರಡೂವರೆ ನಿಮಿಷ. ಉಳಿಯುವುದು ಏಳೂವರೆ ನಿಮಿಷ. ಕಂಕರ ಚೆಲ್ಲಿದ ರಸ್ತೆಯಲ್ಲಿ ಆ ಏಳೂವರೆ ನಿಮಿಷದ ಬೆಲೆಯನ್ನು ಬಾನೆಟ್ ತೆರುತ್ತದೆ. ಹೊಸದಾಗಿ ಜಲ್ಲಿ ಹರಡಿದ ತುಂಡು ಬಂದರೆ 30–40ಕ್ಕೆ ಇಳಿಸಿ. ಎದುರಿನ ಗಾಡಿಯ ವೇಗವೂ ನಮ್ಮ ವೇಗಕ್ಕೆ ಕೂಡಿಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ. ಲಾರಿ ಎದುರಾದಾಗ ಕಾಲು ಸ್ವಲ್ಪ ಸಡಿಲಿಸುವುದು ಗಾಜಿಗೂ ಒಳ್ಳೆಯದು.

ಲಾರಿಯ ಬೆನ್ನು ಬಿಡಿ

ಎರಡನೆಯ ಪುಕ್ಕಟೆ ರಕ್ಷಣೆ ಅಂತರ. ಗಾಲಿ ಎಸೆದ ಹರಳು ಒಂದೆರಡು ಪುಟಿತದಲ್ಲಿ ನೆಲ ಸೇರುತ್ತದೆ. ಅದು ನೆಲ ಸೇರುವಷ್ಟು ಜಾಗ ಬಿಟ್ಟರೆ ಸಾಕು. ಅಳೆಯುವುದು ಸುಲಭ. ಮುಂದಿನ ಗಾಡಿ ಒಂದು ಬೇವಿನ ಮರವನ್ನೋ ಕಿ.ಮೀ. ಕಲ್ಲನ್ನೋ ದಾಟಿದ ಕ್ಷಣದಿಂದ ನಿಧಾನವಾಗಿ ಸೆಕೆಂಡು ಎಣಿಸಿ. ನೀವು ಅದೇ ಗುರುತು ತಲುಪುವಷ್ಟರಲ್ಲಿ ಕನಿಷ್ಠ ಮೂರು ಸೆಕೆಂಡ್ ಆಗಿರಬೇಕು. 60ರ ವೇಗದಲ್ಲಿ ಮೂರು ಸೆಕೆಂಡ್ ಎಂದರೆ 50 ಮೀಟರ್, 80ರಲ್ಲಿ ಸುಮಾರು 67 ಮೀಟರ್. ಮುಂದಿರುವುದು ಜಲ್ಲಿಯ ಟಿಪ್ಪರ್ ಆದರೆ ಐದು ಸೆಕೆಂಡ್ ಬಿಡಿ. ಇದೇ ಅಂತರ ಬ್ರೇಕು ಹಾಕುವುದಕ್ಕೂ ಬೇಕಾಗುತ್ತದೆ. ಹಾಗಾಗಿ ಬಣ್ಣಕ್ಕಾಗಿ ಬಿಟ್ಟ ಜಾಗ ಜೀವಕ್ಕೂ ಆಗುತ್ತದೆ.

ದಾಟಿ ಹೋಗುವುದಾದರೆ ರಸ್ತೆ ಖಾಲಿ ಇದ್ದಾಗ ಒಂದೇ ಸಲಕ್ಕೆ ದಾಟಿ. ಅವಕಾಶ ಕಾಯುತ್ತಾ ಲಾರಿಯ ಹಿಂದಿನ ಗಾಲಿಗೆ ಅಂಟಿಕೊಂಡು ಎರಡು ಮೈಲಿ ಹೋಗುವುದೇ ಕಲ್ಲೇಟಿಗೆ ದೊಡ್ಡ ಕಾರಣ. ದಾಟಲು ಆಗದಿದ್ದರೆ ಹಿಂದೆ ಸರಿಯಿರಿ. ರಸ್ತೆಯ ಪಕ್ಕದ ಕಂಕರಕ್ಕೆ ಅವಶ್ಯಕತೆ ಇಲ್ಲದೆ ಇಳಿಯಬೇಡಿ. ನಿಮ್ಮ ಗಾಲಿ ಸಿಡಿಸಿದ ಕಲ್ಲು ಹಿಂದೆ ಬರುವ ಬೈಕಿನವರ ಮುಖಕ್ಕೆ ಹೋಗುತ್ತದೆ.

ಸೆರಾಮಿಕ್ ಕೋಟಿಂಗ್ ಕಲ್ಲು ತಡೆಯುತ್ತದೆಯೇ?

ಇಲ್ಲ. ಹೊಸ ಕಾರು ಕೊಳ್ಳುವವರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಸೆರಾಮಿಕ್ ಕೋಟಿಂಗ್, ಟೆಫ್ಲಾನ್ ಕೋಟಿಂಗ್, ವ್ಯಾಕ್ಸ್ ಇವೆಲ್ಲ ಬಣ್ಣದ ಮೇಲೆ ಕೂರುವ ಅತಿ ತೆಳು ಲೇಪನಗಳು. ಸೆರಾಮಿಕ್ ಪದರದ ದಪ್ಪ ಒಂದೆರಡು ಮೈಕ್ರಾನಿನ ಆಸುಪಾಸು. ನೂರು ಮೈಕ್ರಾನಿನ ಬಣ್ಣವನ್ನೇ ಸೀಳುವ ಕಲ್ಲಿಗೆ ಅದು ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ '9ಎಚ್ ಗಡಸುತನ' ಎಂದು ಬರೆದಿರುತ್ತದೆ. ಅದು ಪೆನ್ಸಿಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ. 9ಎಚ್ ಎಂದರೆ ಗಟ್ಟಿ ಪೆನ್ಸಿಲಿನ ಗೀಚನ್ನು ತಡೆಯಿತು ಎಂದಷ್ಟೇ. ಹಾರಿಬರುವ ಬಸಾಲ್ಟ್ ಜಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗೆಂದು ಈ ಲೇಪನಗಳು ನಿರುಪಯೋಗಿ ಎಂದಲ್ಲ. ಹೊಳಪು ಹೆಚ್ಚುತ್ತದೆ, ನೀರು ನಿಲ್ಲದೆ ಜಾರುತ್ತದೆ, ಧೂಳು ಸುಲಭವಾಗಿ ತೊಳೆದು ಹೋಗುತ್ತದೆ, ಹಕ್ಕಿಯ ಹಿಕ್ಕೆ ಬೇಗ ಕಲೆ ಮಾಡುವುದಿಲ್ಲ. ಅದಕ್ಕಾಗಿ ಬೇಕಾದರೆ ಹಾಕಿಸಿ. ಕಲ್ಲಿಗೆಂದು ಮಾತ್ರ ಹಾಕಿಸಬೇಡಿ.

ಕಲ್ಲು ತಡೆಯುವುದು ಫಿಲ್ಮ್

ಕಲ್ಲಿನೇಟನ್ನು ನಿಜವಾಗಿ ತಡೆಯುವುದು ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ಅಂಗಡಿಯಲ್ಲಿ ಪಿಪಿಎಫ್ ಎನ್ನುತ್ತಾರೆ. ಇದರ ಮೂಲ ವಿಯೆಟ್ನಾಂ ಯುದ್ಧದ ಕಾಲದ್ದು. ಮರಳು, ಕಲ್ಲುಚೂರುಗಳಿಂದ ಹೆಲಿಕಾಪ್ಟರಿನ ರೆಕ್ಕೆಗಳು ಸವೆಯುವುದನ್ನು ತಡೆಯಲು ಅಮೆರಿಕದಲ್ಲಿ ಪಾಲಿಯುರಿಥೇನ್ ಫಿಲ್ಮ್ ಅಂಟಿಸಲು ಶುರುಮಾಡಿದರು. ಆಮೇಲೆ ಅದು ರೇಸಿನ ಕಾರುಗಳಿಗೆ, ಅಲ್ಲಿಂದ ಸಾಮಾನ್ಯ ಕಾರುಗಳಿಗೆ ಬಂತು.

ಈ ಫಿಲ್ಮ್ ಪಾರದರ್ಶಕ. ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಅಂದರೆ ಕಾರಿನ ಎಲ್ಲ ಬಣ್ಣದ ಪದರ ಸೇರಿದರೂ ಅದಕ್ಕಿಂತ ಫಿಲ್ಮೇ ದಪ್ಪ. ಜೊತೆಗೆ ರಬ್ಬರಿನಂತೆ ಒಗ್ಗುವ ಗುಣ. ಕಲ್ಲು ಬಡಿದಾಗ ತುಸು ತಗ್ಗಿ, ಏಟನ್ನು ಅಗಲಕ್ಕೆ ಹಂಚಿ, ಮತ್ತೆ ಮೇಲೇಳುತ್ತದೆ. ಬಣ್ಣ ಒಡೆಯುವುದಿಲ್ಲ. ಒಳ್ಳೆಯ ಫಿಲ್ಮಿನ ಮೇಲಿನ ಸಣ್ಣ ಗೀಚುಗಳು ಬಿಸಿಲಿನ ಕಾವಿಗೆ ತಾವೇ ಮಾಯವಾಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಕಾವಿಗೆ ಬರವಿಲ್ಲ. ಆದರೂ ದೊಡ್ಡ ಚೂಪು ಕಲ್ಲು ಹೆಚ್ಚು ವೇಗದಲ್ಲಿ ಬಡಿದರೆ ಫಿಲ್ಮೂ ಹರಿಯಬಹುದು. ಆಗ ಆ ತುಂಡು ಮಾತ್ರ ಬದಲಿಸಬೇಕು.

ಇಡೀ ಕಾರಿಗೆ ಫಿಲ್ಮ್ ಹಾಕಿಸಿದರೆ ಖರ್ಚು ಲಕ್ಷದ ಹತ್ತಿರ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಸಾಮಾನ್ಯ ಕುಟುಂಬಕ್ಕೆ ಅದು ಬೇಡ. ಕಲ್ಲು ಬೀಳುವ ಜಾಗಗಳಿಗೆ ಮಾತ್ರ ಹಾಕಿಸಿದರೆ ಸಾಕು. ಬಂಪರ್, ಬಾನೆಟ್, ಮುಂದಿನ ಫೆಂಡರಿನ ಮುಂಭಾಗ, ಕನ್ನಡಿಯ ಬೆನ್ನು, ಗಾಜಿನ ಎರಡೂ ಪಕ್ಕದ ಕಂಬ, ಹಿಂದಿನ ಗಾಲಿಯ ಮುಂದಿರುವ ಕಮಾನಿನ ಅಂಚು. ಇನ್ನೂ ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆಂದರೆ ಬಾನೆಟ್ಟಿನ ಮುಂದಿನ ಒಂದೂವರೆ ಅಡಿ ಮತ್ತು ಗಾಲಿಯ ಕಮಾನು ಸಾಕು. ಆದರೆ ಅರ್ಧ ಬಾನೆಟ್ಟಿಗೆ ಹಾಕಿದರೆ ಕಪ್ಪು ಬಣ್ಣದ ಮೇಲೆ ಫಿಲ್ಮಿನ ಅಂಚು ಗೆರೆಯಂತೆ ಕಾಣುತ್ತದೆ, ಅಲ್ಲಿ ಧೂಳೂ ಕೂರುತ್ತದೆ. ಗಾಢ ಬಣ್ಣಕ್ಕೆ ಇಡೀ ಬಾನೆಟ್ ಮುಚ್ಚುವುದೇ ಚೆಂದ.

ಹಾಕಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಫಿಲ್ಮ್ ಟಿಪಿಯು ಜಾತಿಯದೋ, ಪಿವಿಸಿಯೋ? ಪಿವಿಸಿ ಅಗ್ಗ, ಆದರೆ ಬಿಸಿಲಿಗೆ ಬೇಗ ಹಳದಿಯಾಗಿ ಗಟ್ಟಿಯಾಗುತ್ತದೆ. ಎಷ್ಟು ಮೈಕ್ರಾನ್? ಅಂಚನ್ನು ಒಳಕ್ಕೆ ಮಡಚಿ ಅಂಟಿಸುತ್ತಾರೋ, ಬಾನೆಟ್ ಮೇಲೆಯೇ ಬ್ಲೇಡಿನಿಂದ ಕತ್ತರಿಸುತ್ತಾರೋ? ಹಾಗೆ ಕತ್ತರಿಸಿದರೆ ಬಣ್ಣಕ್ಕೆ ಗೀಚು ಬೀಳಬಹುದು. ಹಳದಿಯಾದರೆ, ಗುಳ್ಳೆ ಎದ್ದರೆ ವಾರಂಟಿ ಬರಹದಲ್ಲಿ ಕೊಡುತ್ತಾರೋ? ಬಾಯಿ ಮಾತಿನ ವಾರಂಟಿಗೆ ಬೆಲೆಯಿಲ್ಲ. ಫಿಲ್ಮ್ ಹಾಕಿಸಲು ಕಾರು ಹೊಸದಿದ್ದಾಗಲೇ ಸರಿಯಾದ ಹೊತ್ತು. ಚುಕ್ಕೆ ಬಿದ್ದ ಮೇಲೆ ಹಾಕಿದರೆ ಚುಕ್ಕೆ ಫಿಲ್ಮಿನ ಕೆಳಗೆ ಉಳಿಯುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಭಾಗವಾದರೆ ಬಣ್ಣ ಪೂರ್ತಿ ಒಣಗಲು ಸುಮಾರು ಒಂದು ತಿಂಗಳು ಬಿಟ್ಟು ಹಾಕಿಸಿ. ಇಲ್ಲವಾದರೆ ಫಿಲ್ಮ್ ತೆಗೆಯುವಾಗ ಬಣ್ಣವೂ ಕಿತ್ತು ಬರಬಹುದು.

ಪಾರದರ್ಶಕ ಫಿಲ್ಮಿನಿಂದ ಕಾರಿನ ಬಣ್ಣ ಬದಲಾಗುವುದಿಲ್ಲ. ಬಣ್ಣದ ರ‍್ಯಾಪ್ ಹಾಕಿಸಿ ಕಾರಿನ ಬಣ್ಣವನ್ನೇ ಬದಲಿಸಿದರೆ ಮಾತು ಬೇರೆ. ಆರ್‌ಸಿಯಲ್ಲಿ ಇರುವ ಬಣ್ಣಕ್ಕೂ ಕಾರಿಗೂ ತಾಳೆಯಾಗಬೇಕು, ಆರ್‌ಟಿಓ ಕಚೇರಿಯಲ್ಲಿ ಬದಲಾಯಿಸಿಕೊಳ್ಳಬೇಕು. ಕೆಎ 38 ಇರಲಿ, ಟಿಎಸ್ 15 ಇರಲಿ, 2024ರ ಮಾರ್ಚ್‌ನಿಂದ ಬಂದ ಟಿಜಿ ನಂಬರ್ ಇರಲಿ, ದಿನವೂ ಗಡಿ ದಾಟುವ ನಮಗೆ ಈ ಕಾಗದ ಸರಿಯಿರುವುದು ಒಳ್ಳೆಯದು.

ಮಡ್ ಫ್ಲ್ಯಾಪ್ ಮರೆಯಬೇಡಿ

ಕೆಲವು ನೂರು ರೂಪಾಯಿಯ ಮಡ್ ಫ್ಲ್ಯಾಪ್ ಬಾಗಿಲ ಕೆಳಗಿನ ಬಣ್ಣವನ್ನು ಕಾಯುವಷ್ಟು ಬೇರೆ ಯಾವುದೂ ಕಾಯುವುದಿಲ್ಲ. ನಾಲ್ಕೂ ಗಾಲಿಗೆ ಹಾಕಿಸಿ. ಮುರುಮು ರಸ್ತೆಯಲ್ಲಿ ಓಡಾಡುವವರು ಕಾರಿನ ತಳಕ್ಕೂ ಗಾಲಿಯ ಒಳಕಮಾನಿಗೂ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದರೆ ತುಕ್ಕಿನಿಂದ ಪಾರಾಗಬಹುದು. ರಬ್ಬರಿನಂಥ ಆ ದಪ್ಪ ಲೇಪನ ಕಲ್ಲಿನೇಟನ್ನೂ ತಾಳಿಕೊಳ್ಳುತ್ತದೆ. ಮಣ್ಣಿನ ದಾರಿಯಿಂದ ಡಾಂಬರಿಗೆ ಬಂದಾಗ ವೇಗ ಹೆಚ್ಚಿಸುವ ಮೊದಲು ಟೈರಿನ ಗೆರೆಗಳಲ್ಲಿ ಸಿಕ್ಕ ಹರಳು ತೆಗೆಯುವುದು ಒಳ್ಳೆಯ ರೂಢಿ. ಒಂದು ಸ್ಕ್ರೂ ಡ್ರೈವರ್ ಸಾಕು.

ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿಸಿದರೆ ಬಣ್ಣ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಪೈಪುಗಳ ನಡುವಿನ ಸಂದಿಯಲ್ಲಿ ಕಲ್ಲು ನುಗ್ಗಿಯೇ ನುಗ್ಗುತ್ತದೆ. ಅದಲ್ಲದೆ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಇದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ತಿಳಿಸಿದೆ. ದಾರಿಹೋಕರಿಗೆ ಅದು ಅಪಾಯ, ಕಾರಿನೊಳಗಿನವರಿಗೂ ಅಪಾಯ.

ಚುಕ್ಕೆ ಬಿದ್ದ ಮೇಲೆ ಏನು ಮಾಡಬೇಕು?

ಎಷ್ಟು ಎಚ್ಚರವಿದ್ದರೂ ಒಂದೆರಡು ಚುಕ್ಕೆ ಬಿದ್ದೇ ಬೀಳುತ್ತವೆ. ಅವನ್ನು ಮನೆಯಲ್ಲೇ ಮುಚ್ಚಬಹುದು. ಮೊದಲು ನಿಮ್ಮ ಕಾರಿನ ಬಣ್ಣದ ಕೋಡ್ ಹುಡುಕಿ. ಡ್ರೈವರ್ ಬಾಗಿಲಿನ ಕಂಬದಲ್ಲಿ ಅಥವಾ ಇಂಜಿನ್ ಕೋಣೆಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ಬರೆದಿರುತ್ತದೆ. ಸಿಗದಿದ್ದರೆ ಷೋರೂಂನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿ. ಕಪ್ಪು ಎಂದರೆ ಒಂದೇ ಕಪ್ಪಲ್ಲ. ನೀಲಿ ಛಾಯೆಯ ಕಪ್ಪು, ಮಿಂಚಿನ ಕಪ್ಪು, ಬರೀ ಕಪ್ಪು ಎಂದು ಹಲವು ಇವೆ. ಕೋಡ್ ಹೇಳಿ ಟಚ್‌ಅಪ್ ಪೆನ್ ಅಥವಾ ಸಣ್ಣ ಶೀಶೆ ತನ್ನಿ.

ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಕೆಲಸ ಮಾಡಿ. ಜಾಗವನ್ನು ಶಾಂಪೂ ನೀರಿನಲ್ಲಿ ತೊಳೆದು ಒಣಗಿಸಿ. ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪಿಲ್ ಆಲ್ಕೋಹಾಲ್ ಹತ್ತಿಯಲ್ಲಿ ಅದ್ದಿ ಒರೆಸಿ, ಎಣ್ಣೆ ಜಿಡ್ಡು ಹೋಗುತ್ತದೆ. ಥಿನ್ನರ್ ಬಳಸಬೇಡಿ, ಸುತ್ತಲಿನ ಬಣ್ಣ ಕೆಡುತ್ತದೆ. ತುಕ್ಕಿದ್ದರೆ ನಯವಾದ ಉಪ್ಪುಕಾಗದದ ಸಣ್ಣ ಚೂರನ್ನು ಕಡ್ಡಿಯ ತುದಿಗೆ ಅಂಟಿಸಿ ಆ ಚುಕ್ಕೆಯನ್ನು ಮಾತ್ರ ಉಜ್ಜಿ. ತಗಡು ಕಾಣುತ್ತಿದ್ದರೆ ಪ್ರೈಮರ್ ಒಂದು ಹನಿ ಇಟ್ಟು ಒಣಗಲು ಬಿಡಿ. ಆಮೇಲೆ ಬಣ್ಣ. ಶೀಶೆಯ ಬ್ರಷ್ ದಪ್ಪ, ಅದರಿಂದ ಹಚ್ಚಿದರೆ ಚುಕ್ಕೆಯ ಜಾಗದಲ್ಲಿ ದೊಡ್ಡ ಬೊಟ್ಟು ಕೂರುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ಗುಳಿಗೆ ಇಳಿಸಿ. ಒಣಗಿದಾಗ ಬಣ್ಣ ತಗ್ಗುತ್ತದೆ, ಆದ್ದರಿಂದ ಎರಡು ಮೂರು ಸಲ ತೆಳುವಾಗಿ ಹಾಕಬೇಕು. ಕಡೆಗೆ ಕ್ಲಿಯರ್ ಕೋಟಿನ ಒಂದು ಹನಿ. ಒಂದೆರಡು ದಿನ ತೊಳೆಯಬೇಡಿ. ಹತ್ತಿರ ನಿಂತು ನೋಡಿದರೆ ಗುರುತು ಕಾಣುತ್ತದೆ. ಆದರೆ ತುಕ್ಕು ನಿಲ್ಲುತ್ತದೆ, ದೂರದಿಂದ ಬಿಳಿ ಚುಕ್ಕೆ ಕಾಣುವುದಿಲ್ಲ. ಅಷ್ಟೇ ನಮಗೆ ಬೇಕಾದದ್ದು.

ಐದಾರು ಚುಕ್ಕೆಗೆ ಇಡೀ ಬಾನೆಟ್ ಪೇಂಟ್ ಮಾಡಿಸುವುದು ಅವಸರದ ಕೆಲಸ. ಕಾರ್ಖಾನೆಯಲ್ಲಿ ದೊಡ್ಡ ಶಾಖದಲ್ಲಿ ಬೇಯಿಸಿದ ಬಣ್ಣದಷ್ಟು ಗಟ್ಟಿತನ ಗ್ಯಾರೇಜಿನ ಬಣ್ಣಕ್ಕೆ ಬರುವುದು ಕಷ್ಟ. ಮುಂದಿನ ಕಲ್ಲಿಗೆ ಅದು ಬೇಗ ಹಾರುತ್ತದೆ. ಕಾರು ಕೊಳ್ಳುವವರೂ ಮರುಬಣ್ಣ ಕಂಡರೆ ಆ್ಯಕ್ಸಿಡೆಂಟ್ ಗಾಡಿಯೋ ಎಂದು ಸಂಶಯಪಡುತ್ತಾರೆ.

ಇನ್ಶೂರೆನ್ಸ್ ಕ್ಲೇಮ್ ಲಾಭವೋ ನಷ್ಟವೋ?

'ಇನ್ಶೂರೆನ್ಸ್ ಇದೆಯಲ್ಲ, ಬಾನೆಟ್ ಪೇಂಟ್ ಮಾಡಿಸಿಬಿಡೋಣ' ಎನ್ನುವವರು ಮೊದಲು ಲೆಕ್ಕ ಹಾಕಲಿ. ಉದಾಹರಣೆಗೆ ಪೇಂಟಿನ ಬಿಲ್ 6,000 ರೂ. ಆಯಿತು ಎನ್ನಿ. ಸಾಮಾನ್ಯ ಪಾಲಿಸಿಯಲ್ಲಿ ಪೇಂಟಿನ ಒಟ್ಟು ಬಿಲ್ಲಿನ ಶೇ. 25 ಅನ್ನು ಸಾಮಗ್ರಿಯ ಬೆಲೆ ಎಂದು ಹಿಡಿದು ಅದರ ಅರ್ಧ ಕಡಿತ ಮಾಡುತ್ತಾರೆ. ಅಂದರೆ 750 ರೂ. ಹೋಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ರೂ. ಅದೂ ಹೋಯಿತು. ಕೈಗೆ ಬರುವುದು 4,250.

ಈಗ ನೋ ಕ್ಲೇಮ್ ಬೋನಸ್ ನೋಡಿ. ಕ್ಲೇಮ್ ಮಾಡದ ಒಂದು ವರ್ಷಕ್ಕೆ ಶೇ. 20, ನಂತರ ಕ್ರಮವಾಗಿ 25, 35, 45, 50ರವರೆಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತದೆ. ನೀವು 35ರಲ್ಲಿದ್ದು ಆ ಪ್ರೀಮಿಯಂ 10,000 ರೂ. ಇದ್ದರೆ ಮುಂದಿನ ವರ್ಷ ಶೇ. 45, ಅಂದರೆ 4,500 ರೂ. ಉಳಿಯಬೇಕಿತ್ತು. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಪಡೆದದ್ದು 4,250, ಕಳೆದುಕೊಂಡದ್ದು ಮೊದಲ ವರ್ಷವೇ 4,500. ಆಮೇಲೆ ಮತ್ತೆ 20ರಿಂದ ಹತ್ತಬೇಕು. ಸಣ್ಣ ಕಲ್ಲೇಟಿಗೆ ಕ್ಲೇಮ್ ಬೇಡ ಎಂದು ಬಲ್ಲವರು ಹೇಳುವುದು ಇದಕ್ಕೇ. ಝೀರೋ ಡಿಪ್ರಿಸಿಯೇಶನ್, ಬೋನಸ್ ರಕ್ಷಣೆಯಂಥ ಹೆಚ್ಚುವರಿ ಪಾಲಿಸಿ ಇದ್ದರೆ ಲೆಕ್ಕ ಬದಲಾಗುತ್ತದೆ. ಏಜೆಂಟರನ್ನು ಕೇಳಿ, ಪಾಲಿಸಿ ಕಾಗದ ನೀವೇ ಓದಿ.

ಸಿಮೆಂಟ್ ಧೂಳು: ಒಣ ಬಟ್ಟೆ ಬೇಡ

ತಾಂಡೂರಿನ ಕಡೆ ಕಲ್ಲಿನ ಜೊತೆಗೆ ಧೂಳಿನ ಕಾಟವೂ ಇದೆ. ಕಲ್ಲಿನ ಪುಡಿ ಕೂತ ಕಪ್ಪು ಕಾರನ್ನು ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸಿದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆ. ಬಿಸಿಲಿನಲ್ಲಿ ಜೇಡರ ಬಲೆಯಂಥ ಗೆರೆಗಳು ಕಾಣುವುದು ಇದರಿಂದಲೇ. ಸಿಮೆಂಟ್ ಧೂಳಿನ ಮೇಲೆ ಮಂಜು ಬಿದ್ದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅದರಲ್ಲಿನ ಕ್ಷಾರ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಮೊದಲು ಧಾರಾಳ ನೀರು ಸುರಿದು ಧೂಳು ಇಳಿಸಿ, ಆಮೇಲೆ ಕಾರ್ ಶಾಂಪೂ ಮತ್ತು ಮೈಕ್ರೋಫೈಬರ್ ಬಟ್ಟೆ. ನೀರಿಗೆ ಬರವಿದ್ದ ದಿನ ಕಾರು ಧೂಳಾಗಿಯೇ ಇರಲಿ, ಒರೆಸುವುದಕ್ಕಿಂತ ಅದೇ ಮೇಲು.

ತಾಡಪಾಲು ಹೊದಿಸಿದರೆ ಅರ್ಧ ಸಮಸ್ಯೆ ಇಲ್ಲ

ಕಾರಿನವರು ಎಷ್ಟು ಎಚ್ಚರವಹಿಸಿದರೂ ಕಲ್ಲು ಚೆಲ್ಲುವುದು ನಿಲ್ಲದಿದ್ದರೆ ಪ್ರಯೋಜನವಿಲ್ಲ. ಜಲ್ಲಿ, ಮುರುಮು ಸಾಗಿಸುವಾಗ ಅಂಚಿಗಿಂತ ಕೆಳಗೆ ತುಂಬಿ ತಾಡಪಾಲು ಬಿಗಿಯಾಗಿ ಕಟ್ಟುವುದು ಗಾಡಿಯವರ ಹೊಣೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡವಿದೆ.

ಇದು ಬರೀ ಬಣ್ಣದ ಮಾತಾಗಿ ಉಳಿದಿಲ್ಲ. 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟ ಆರ್‌ಟಿಸಿ ಬಸ್ಸಿಗೆ ಚೇವೆಳ್ಳ ಬಳಿಯ ಮಿರ್ಜಾಗೂಡದಲ್ಲಿ ಕಂಕರ ತುಂಬಿದ ಟಿಪ್ಪರ್ ಡಿಕ್ಕಿಯಾಯಿತು. ಟಿಪ್ಪರಿನ ಕಂಕರ ಬಸ್ಸಿನೊಳಗೆ ಸುರಿದು ಪ್ರಯಾಣಿಕರು ಅದರಡಿ ಸಿಕ್ಕಿಕೊಂಡರು. 19 ಜನ ಪ್ರಾಣ ಕಳೆದುಕೊಂಡರು. ತಾಂಡೂರು ಸೀಮೆಯ ಮನೆಗಳು ಆ ದಿನವನ್ನು ಮರೆತಿಲ್ಲ. ಬಾನೆಟ್ಟಿನ ಮೇಲಿನ ಬಿಳಿ ಚುಕ್ಕೆಯೂ ಆ ದುರಂತವೂ ಒಂದೇ ತೂಕದವಲ್ಲ. ಆದರೆ ಭಾರೀ ಗಾಡಿಯ ಹತ್ತಿರ ಹೋದಷ್ಟೂ ಅಪಾಯ ಎಂಬ ಪಾಠ ಎರಡರಲ್ಲೂ ಇದೆ.

ನಮ್ಮ ಓದುಗರಲ್ಲಿ ಕಾರಿನವರೂ ಇದ್ದಾರೆ, ಟ್ರ್ಯಾಕ್ಟರ್ ಇಟ್ಟುಕೊಂಡವರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಎರಡೂ ಇವೆ. ಹೊಲದಿಂದ ರಸ್ತೆಗೆ ಹತ್ತುವ ಮೊದಲು ಗಾಲಿಯ ಮಣ್ಣು ಕೆರೆದು, ಟ್ರಾಲಿಯ ಹಿಂದಿನ ಬಾಗಿಲು ಭದ್ರಪಡಿಸಿದರೆ ಹಿಂದೆ ಬರುವವರಿಗೆ ಉಪಕಾರ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಂಕರ ಚೆಲ್ಲಿದ್ದು ಕಂಡರೆ 1033ಕ್ಕೆ ಫೋನ್ ಮಾಡಿ ಕಿ.ಮೀ. ಕಲ್ಲಿನ ನಂಬರ್ ಹೇಳಿ. ಜೀವಕ್ಕೆ ಅಪಾಯವಿದ್ದರೆ 112. ಈ ಎರಡೂ ನಂಬರ್ ಗಡಿಯ ಆಚೆಯೂ ಈಚೆಯೂ ನಡೆಯುತ್ತವೆ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು

ಮೊದಲು ಪುಕ್ಕಟೆ ಉಪಾಯ: ವೇಗ ಇಳಿಸಿ, ಲಾರಿಯಿಂದ ಮೂರು ಸೆಕೆಂಡ್, ಟಿಪ್ಪರಿನಿಂದ ಐದು ಸೆಕೆಂಡ್ ದೂರವಿರಿ. ನಂತರ ನೂರರ ಲೆಕ್ಕದ ಖರ್ಚು: ಮಡ್ ಫ್ಲ್ಯಾಪ್ ಮತ್ತು ಒಂದು ಟಚ್‌ಅಪ್ ಶೀಶೆ. ತಿಂಗಳಿಗೊಮ್ಮೆ, ಮಳೆಗಾಲದ ಮೊದಲು ತಪ್ಪದೆ, ಬಾನೆಟ್ ನೋಡಿ ಚುಕ್ಕೆ ಮುಚ್ಚಿ. ಕಾರು ಹೊಸದಿದ್ದು ಕೈಯಲ್ಲಿ ಹಣವಿದ್ದರೆ ಮುಂಭಾಗಕ್ಕೆ ಮಾತ್ರ ಟಿಪಿಯು ಫಿಲ್ಮ್. ಹೊಳಪಿಗೆ ಸೆರಾಮಿಕ್ ಇರಲಿ, ಕಲ್ಲಿಗೆ ಅದನ್ನು ನಂಬಬೇಡಿ. ಹೀಗೆ ನಡೆದುಕೊಂಡರೆ ನಮ್ಮ ಕಂಕರದ ರಸ್ತೆಗಳಲ್ಲೂ ಕಪ್ಪು ಕಾರು ಬಹಳ ವರ್ಷ ಕಪ್ಪಾಗಿಯೇ ಉಳಿಯುತ್ತದೆ.